ಗ್ಯಾಸ್ ಒಲೆ: ನಾವೇ ಜೋಡಿಸಬೇಕೆ, ಮೆಕ್ಯಾನಿಕ್ ಬರಬೇಕೆ?



ಗೊಬ್ಬರ, ಮೈಲುತುತ್ತ, ಸುಣ್ಣಗಳ ವಿಚಾರಕ್ಕೆ ಮೀಸಲಾದ ಈ ಪುಟದಲ್ಲಿ ಈ ಸಲ ಅಡಿಗೆಮನೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ಸಂಘದ ಕಚೇರಿಗೆ ಬರುವ ಕೆಲವು ಸದಸ್ಯರು, "ಹೊಸ ಒಲೆ ತಂದಿದ್ದೇವೆ, ಪೇಟೆಯಿಂದ ಮೆಕ್ಯಾನಿಕ್ ಬರುವುದು ಯಾವ ಕಾಲಕ್ಕೋ, ನಾವೇ ಜೋಡಿಸಿಕೊಂಡರೆ ತಪ್ಪೇನು?" ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಪಂಪಿನ ವಾಷರ್, ಸ್ಪ್ರೇಯರಿನ ನಾಜಲ್ ಎಲ್ಲವನ್ನೂ ನಾವೇ ಬಿಚ್ಚಿ ಜೋಡಿಸಿ ರೂಢಿಯಾದ ಜನ ನಾವು. ಆದರೆ ಪಂಪಿನಲ್ಲಿ ಕೈತಪ್ಪಾದರೆ ಒಂದು ದಿನ ನೀರಿಲ್ಲ, ಅಷ್ಟೆ. ಗ್ಯಾಸಿನಲ್ಲಿ ಕೈತಪ್ಪಾದರೆ ಮನೆಮಂದಿಯ ಜೀವಕ್ಕೇ ಬಂದೀತು.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ನಮ್ಮ ಮನೆಯಲ್ಲಿ ಬಹುಕಾಲ ಗೋಬರ್ ಗ್ಯಾಸಿನ ಒಲೆ ಉರಿಯುತ್ತಿತ್ತು. ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗಿ ಸಗಣಿ ಸಾಲದೆ ಬಂದಾಗ ಸಿಲಿಂಡರಿನ ಒಲೆಗೆ ಬದಲಾದೆವು. ಒಂದು ವರ್ಷ ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆ ತುಂಬ ಜನ, ಒಂದು ಒಲೆ ಸಾಲದಾಯಿತು. ಗ್ಯಾಸಿನ ಒಲೆಗಳೆಲ್ಲ ಒಂದೇ ಎಂದುಕೊಂಡು, ಅಟ್ಟದ ಮೇಲಿದ್ದ ಹಳೆಯ ಗೋಬರ್ ಗ್ಯಾಸ್ ಒಲೆಯನ್ನು ಇಳಿಸಿ ಅದಕ್ಕೇ ಸಿಲಿಂಡರಿನ ಕೊಳವೆ ಸಿಕ್ಕಿಸಿದೆವು. ಕಡ್ಡಿ ಗೀರಿದೊಡನೆ ಹಳದಿ ಜ್ವಾಲೆ ಮೊಳದುದ್ದ ಎದ್ದಿತು. ಹತ್ತಿರವಿದ್ದ ಮನೆಯಾಕೆಯ ಮುಂಗೈ ರೋಮವೆಲ್ಲ ಸುಟ್ಟಿತು. ಸೆರಗಿಗೆ ಹೊತ್ತಿಕೊಳ್ಳದೆ ಉಳಿದದ್ದು ಪುಣ್ಯ. ಮರುದಿನ ಬಂದ ಮೆಕ್ಯಾನಿಕ್ ಹುಡುಗ, "ಒಲೆ ಕೆಟ್ಟಿಲ್ಲ ಸಾರ್, ಇದರ ಜೆಟ್ಟಿನ ತೂತು ಗೋಬರ್ ಗ್ಯಾಸಿಗೆ ಕೊರೆದದ್ದು" ಎಂದು ತೋರಿಸಿಕೊಟ್ಟ. ಪದವಿ ಪಡೆದವರೆಂಬ ನಮ್ಮ ಹೆಮ್ಮೆ ಅಂದು ಇಳಿಯಿತು.

ಕಾರಣ ಸರಳವಾದುದು. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಸುಮಾರು ನೂರಕ್ಕೆ ಅರವತ್ತು ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಉರಿಯದ ಇಂಗಾಲಾಮ್ಲ ಅನಿಲ. ಅದು ಕಡಿಮೆ ಒತ್ತಡದಲ್ಲಿ ಬರುವುದರಿಂದ ಆ ಒಲೆಯ ಜೆಟ್ಟಿಗೆ ದೊಡ್ಡ ತೂತು ಬೇಕು. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಅಷ್ಟೇ ಗಾತ್ರದ ಈ ಅನಿಲ ನಾಲ್ಕೈದು ಪಟ್ಟು ಶಾಖ ಕೊಡುತ್ತದೆ, ಬರುವ ಒತ್ತಡವೂ ಹೆಚ್ಚು. ಆದುದರಿಂದ ಅದಕ್ಕೆ ಸಣ್ಣ ತೂತು. ಪಟ್ಟಣಗಳಲ್ಲಿ ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲಕ್ಕೆ ಬೇರೆಯೇ ಜೆಟ್ಟು. ಪಟ್ಟಣದ ನೆಂಟರು ಕೊಟ್ಟ ಒಲೆಯನ್ನು ತಂದು ಹಾಗೆಯೇ ಸಿಕ್ಕಿಸಬಾರದೆಂಬುದು ಇದಕ್ಕೇ.

ಇನ್ನೊಂದು ಗುಣವನ್ನೂ ತಿಳಿದಿರಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ, ಕಣಿವೆಗಿಳಿದ ಮಂಜಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಲು ಸಾಕು. ಎತ್ತರದ ಹೊಸಿಲು, ಮಳೆಗಾಲದಲ್ಲಿ ಮುಚ್ಚಿದ ಕಿಟಕಿ, ಪಕ್ಕದ ಬಚ್ಚಲಿನಲ್ಲಿ ಹಂಡೆಯ ಕೆಳಗೆ ಆರದ ಕೆಂಡ, ಇವು ಮಲೆನಾಡಿನ ಮನೆಗಳ ರೀತಿ. ಪೇಟೆಯ ಮನೆಗಿಂತ ನಮ್ಮ ಮನೆಗಳಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಹಾಗಾದರೆ ಯಾವ ಕೆಲಸ ಯಾರದು?

ಮೆಕ್ಯಾನಿಕ್‌ನಿಂದಲೇ ಆಗಬೇಕಾದವು:

1. ಹೊಸ ಸಂಪರ್ಕದ ಮೊದಲ ಜೋಡಣೆ. ಒಲೆಯನ್ನು ಎಲ್ಲಿ ಕೊಂಡರೂ ಐಎಸ್‌ಐ ಗುರುತಿರಲಿ. ಜೋಡಣೆ ಮಾತ್ರ ವಿತರಕರ ಮೆಕ್ಯಾನಿಕ್ ಕೈಯಲ್ಲಿ ಆಗಲಿ.

2. ಜೆಟ್ಟು, ಬರ್ನರಿನ ಕೊಳವೆ ಮತ್ತು ಒಲೆಯ ತಿರುಪುಗಳ ರಿಪೇರಿ. ತೂತನ್ನು ಸೂಜಿಯಿಂದ ದೊಡ್ಡದು ಮಾಡುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ಬಿಡಬೇಕು.

3. ಕಟ್ಟೆಯ ಕಲ್ಲನ್ನು ಕತ್ತರಿಸಿ ಕೂರಿಸುವ ಒಲೆ, ಸಿಲಿಂಡರನ್ನು ಹೊರಗಿಟ್ಟು ಲೋಹದ ಪೈಪಿನಲ್ಲಿ ಅನಿಲ ತರುವ ಏರ್ಪಾಡು.

4. ರೆಗ್ಯುಲೇಟರಿನ ದೋಷ. ಅದನ್ನು ಬಿಚ್ಚದೆ ವಿತರಕರಲ್ಲಿ ಬದಲಾಯಿಸಿಕೊಳ್ಳಬೇಕು.

ಮನೆಯವರೇ ಮಾಡಬೇಕಾದವು:

1. ಸ್ಥಳದ ಆಯ್ಕೆ. ಒಲೆ ಕಟ್ಟೆಯ ಮೇಲೆ, ಸಿಲಿಂಡರ್ ಅದಕ್ಕಿಂತ ಕೆಳಗೆ ಸಮನೆಲದ ಮೇಲೆ ನೆಟ್ಟಗೆ ನಿಲ್ಲಬೇಕು. ಗುಂಡಿಯಲ್ಲಿ ಇಡಬಾರದು, ಸೌದೆ ಒಲೆಯ ಬಳಿ ಇಡಲೇಬಾರದು.

2. ಕೊಳವೆಯ ನಿಗಾ. ತಂತಿಬಲೆಯುಳ್ಳ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಗೋಡೆಯೊಳಗೆ ಹಾಯಬಾರದು. 5 ವರ್ಷಕ್ಕೊಮ್ಮೆ ಬದಲಿಸಬೇಕು. ಇಲಿ ಕಡಿದ ಗುರುತು ಕಂಡರೆ ಅಂದೇ ಬದಲಿಸಬೇಕು.

3. ಸಿಲಿಂಡರ್ ಬಂದಾಗಿನ ಪರೀಕ್ಷೆ. ಮೇಲಿನ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಅದರ ಜೊತೆ ಇಸವಿ ಇರುತ್ತದೆ. ಇವು ವರ್ಷದ ನಾಲ್ಕು ಕಾಲುಭಾಗಗಳು. ಬಿ 28 ಎಂದಿದ್ದರೆ 2028ರ ಜೂನ್‌ವರೆಗೆ ಎಂದರ್ಥ. ಅವಧಿ ಮುಗಿದದ್ದನ್ನು ಹಿಂದಿರುಗಿಸಿ. ಬಾಯಿಯೊಳಗಿನ ಕಪ್ಪು ರಬ್ಬರ್ ಉಂಗುರ ಇದೆಯೇ ಎಂದೂ ನೋಡಿ.

4. ಸಿಲಿಂಡರ್ ಬದಲಿಸುವುದು. ಮೊದಲು ಒಲೆಯ ತಿರುಪು, ರೆಗ್ಯುಲೇಟರ್ ಎರಡನ್ನೂ ಮುಚ್ಚಿ, ದೇವರ ದೀಪ, ಊದುಬತ್ತಿ, ಸೌದೆ ಒಲೆ ಎಲ್ಲವನ್ನೂ ಆರಿಸಿ ಕೈಹಾಕಬೇಕು. ಇದನ್ನು ಮನೆಯ ಯಜಮಾನ ಒಬ್ಬನೇ ಕಲಿತರೆ ಸಾಲದು. ಅಡಿಗೆ ಮಾಡುವ ಪ್ರತಿಯೊಬ್ಬರೂ ಕಲಿತಿರಬೇಕು.

5. ಸೋಪಿನ ನೀರಿನ ಪರೀಕ್ಷೆ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ ಕೂಡುವ ಜಾಗಗಳಿಗೆಲ್ಲ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ತಿಳಿಯಿರಿ. ಕಡ್ಡಿ ಗೀರಿ ನೋಡುವುದು ಆತ್ಮಹತ್ಯೆಗೆ ಸಮಾನ.

ಬೋರ್ಡೋ ದ್ರಾವಣ ಕೂಡಿಸಿದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡದೆ ನಾವು ಯಾರೂ ಕೊನೆಗೆ ಹೊಡೆಸುವುದಿಲ್ಲ. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಗೊತ್ತಾಗುತ್ತದೆ. ಅಡಿಕೆಗೊನೆಗೆ ತೋರಿಸುವ ಈ ಶ್ರದ್ಧೆಯನ್ನು ಅಡಿಗೆಮನೆಗೂ ತೋರಿಸಬೇಡವೆ?

ವಾಸನೆ ಬಂದರೆ ಗಾಬರಿ ಬೇಡ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಉರಿಯುವುದೇನಿದ್ದರೂ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬನ್ನಿ. ಮನೆಯಿಂದ ದೂರ ನಿಂತು 1906 ಸಂಖ್ಯೆಗೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ.

ಕೊನೆಯದಾಗಿ ಖರ್ಚಿನ ಮಾತು. ಒಬ್ಬರ ಮನೆಗೆಂದು ಮೆಕ್ಯಾನಿಕ್ ಅಷ್ಟು ದೂರ ಬರಲು ಹಿಂಜರಿಯುವುದುಂಟು. ಅಕ್ಕಪಕ್ಕದ ನಾಲ್ಕಾರು ಮನೆಯವರು ಒಂದೇ ದಿನ ಗೊತ್ತುಮಾಡಿ ಕರೆಸಿದರೆ ಅವರಿಗೂ ಅನುಕೂಲ, ನಮಗೂ ವಾಹನದ ಬಾಡಿಗೆ ಹಂಚಿಹೋಗುತ್ತದೆ. ಅಂದೇ ಕೂಲಿ ಲೈನಿನ ಮನೆಗಳ ಒಲೆಗಳನ್ನೂ ತೋರಿಸಿಬಿಡಿ, ಅಲ್ಲಿರುವುದೂ ನಮ್ಮ ಜವಾಬ್ದಾರಿಯ ಜೀವಗಳೇ. ಬೇಕಾದವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಊರುವಾರು ಪಟ್ಟಿ ಮಾಡಿ ದಿನ ಗೊತ್ತುಪಡಿಸುತ್ತೇವೆ. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಲಿ.

ಇತಿ,
ಕಾರ್ಯದರ್ಶಿ