ಲೋಹಗಳ ಸ್ಪರ್ಶವೂ ವಿದ್ಯುತ್ತಿನ ಹಾದಿಯೂ

ಇಸ್ತ್ರಿಪೆಟ್ಟಿಗೆಯನ್ನು ಕೆಲಹೊತ್ತು ಬಳಸಿ ಪ್ಲಗ್ಗನ್ನು ಕಿತ್ತಾಗ, ಅದರ ಹಿತ್ತಾಳೆಯ ಕಡ್ಡಿಗಳು ಬಿಸಿಯೇರಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ತಂತಿ ತಣ್ಣಗಿರುವುದು, ಅದಕ್ಕಿಂತ ಎಷ್ಟೋ ದಪ್ಪನಾದ ಕಡ್ಡಿ ಬಿಸಿಯಾಗಿರುವುದು. ದಪ್ಪನಾದ ವಾಹಕದ ರೋಧ ಕಡಿಮೆಯೆಂದು ಓದಿರುವ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸಬೇಕು. ಕಡ್ಡಿಯೂ ಸಾಕೆಟ್ಟಿನೊಳಗಿನ ಲೋಹದ ಪಟ್ಟಿಯೂ ಒಂದನ್ನೊಂದು ಮುಟ್ಟುವ ಎಡೆಯೇ ಈ ಉಷ್ಣದ ಹುಟ್ಟುನೆಲೆ. ಅಲ್ಲಿರುವ ರೋಧಕ್ಕೆ ಸಂಪರ್ಕರೋಧವೆಂದು ಹೆಸರು. ಅದರ ಸ್ವರೂಪವನ್ನೂ ಗಣಕಯಂತ್ರದ ಲೆಕ್ಕದಲ್ಲಿ ಅದನ್ನು ಸೇರಿಸುವ ಬಗೆಯನ್ನೂ ಇಲ್ಲಿ ವಿಚಾರಮಾಡೋಣ.

ತೋರುವ ಸ್ಪರ್ಶ, ನಿಜವಾದ ಸ್ಪರ್ಶ

ಎಷ್ಟೇ ನಯಗೊಳಿಸಿದ ಲೋಹವಾದರೂ ಸೂಕ್ಷ್ಮದರ್ಶಕದಲ್ಲಿ ಅದರ ಮೇಲ್ಮೈ ಉಬ್ಬುತಗ್ಗುಗಳಿಂದ ಕೂಡಿರುವುದು. ಅಂತಹ ಎರಡು ಮೇಲ್ಮೈಗಳನ್ನು ಒಂದರ ಮೇಲೊಂದಿಟ್ಟರೆ ಕೆಲವು ಉಬ್ಬುಗಳ ತುದಿಗಳು ಮಾತ್ರ ಸಂಧಿಸುವುವು; ಉಳಿದೆಡೆಗಳಲ್ಲಿ ತೆರಪಿರುವುದು. ನಿಜವಾಗಿ ಮುಟ್ಟಿರುವ ಕ್ಷೇತ್ರವು ಕಣ್ಣಿಗೆ ತೋರುವ ಕ್ಷೇತ್ರದ ಅತ್ಯಲ್ಪ ಭಾಗವೆಂಬುದನ್ನು ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು 1939ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸ್ಪರ್ಶದ ವಿದ್ಯುದ್ವಾಹಕತೆಯನ್ನೇ ಅಳೆದು, ತೋರಿಸಿಕೊಟ್ಟರು.

ಒತ್ತುವ ಬಲ ಹೆಚ್ಚಿದಂತೆ ತುದಿಗಳು ಚಪ್ಪಟೆಯಾಗಿ, ಆ ಬಲವನ್ನು ಹೊರಲು ಸಾಕಾಗುವಷ್ಟು ಕ್ಷೇತ್ರ ಏರ್ಪಡುವುದು. ಬಲವನ್ನು ಲೋಹದ ಕಾಠಿನ್ಯದಿಂದ ಭಾಗಿಸಿದರೆ ಈ ಕ್ಷೇತ್ರ ಸ್ಥೂಲವಾಗಿ ದೊರೆಯುವುದು. ಒಂದು ಚದರ ಸೆಂಟಿಮೀಟರ್ ಮುಖವುಳ್ಳ ಎರಡು ತಾಮ್ರದ ಸರಳುಗಳನ್ನು ಮುಖಕ್ಕೆ ಮುಖವಿಟ್ಟು 100 ನ್ಯೂಟನ್ ಬಲದಿಂದ, ಎಂದರೆ ಸುಮಾರು 10 ಕಿಲೋಗ್ರಾಮಿನ ಭಾರದಿಂದ, ಒತ್ತಿರುವೆವೆಂದು ಭಾವಿಸೋಣ. ತಾಮ್ರದ ಕಾಠಿನ್ಯವನ್ನು ಚದರ ಮೀಟರಿಗೆ 10⁹ ನ್ಯೂಟನ್ ಎಂದು ಹಿಡಿದರೆ, ನಿಜವಾದ ಸ್ಪರ್ಶಕ್ಷೇತ್ರ 0.1 ಚದರ ಮಿಲಿಮೀಟರ್ ಮಾತ್ರ. ತೋರುವ ಕ್ಷೇತ್ರದ ಸಾವಿರದಲ್ಲೊಂದು ಪಾಲು!

ಇಕ್ಕಟ್ಟಿನ ಹಾದಿ

ತೇರು ನೋಡಿ ಹಿಂದಿರುಗುವ ಜನಸಮೂಹ ಒಂದು ಕಿರುಬಾಗಿಲಿನಲ್ಲಿ ನುಸುಳಬೇಕಾದಂತೆ, ಸರಳಿನ ತುಂಬ ಹರಡಿ ಹರಿಯುತ್ತಿದ್ದ ವಿದ್ಯುತ್ಪ್ರವಾಹವು ಈ ಚುಕ್ಕೆಗಳಲ್ಲಿ ಒತ್ತೊತ್ತಾಗಿ ಸಾಗಬೇಕಾಗುವುದು. ಇದರಿಂದ ಉಂಟಾಗುವ ರೋಧವನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಸ್ವೀಡನ್ನಿನ ರಾಗ್ನರ್ ಹೋಲ್ಮ್ (1879–1970) ಪ್ರಮುಖರು. ಒಂದೇ ಲೋಹದ ಎರಡು ಭಾಗಗಳ ನಡುವಣ ದುಂಡನೆಯ ಚುಕ್ಕೆಯ ರೋಧವನ್ನು ತಿಳಿಯಲು ಲೋಹದ ವಿಶಿಷ್ಟ ರೋಧವನ್ನು ಚುಕ್ಕೆಯ ವ್ಯಾಸದಿಂದ ಭಾಗಿಸಿದರೆ ಸಾಕು.

ಮೇಲಿನ ಉದಾಹರಣೆಯಲ್ಲಿ ಸ್ಪರ್ಶವೆಲ್ಲ ಒಂದೇ ಚುಕ್ಕೆಯಾಗಿದ್ದರೆ ಅದರ ವ್ಯಾಸ 0.36 ಮಿಲಿಮೀಟರ್. ತಾಮ್ರದ ವಿಶಿಷ್ಟ ರೋಧ 1.7 × 10⁻⁸ ಓಮ್-ಮೀಟರ್ ಆದುದರಿಂದ ಸಂಪರ್ಕರೋಧ ಸುಮಾರು 48 ಮೈಕ್ರೊಓಮ್ ಆಗುವುದು. ಅದೇ ಸರಳಿನ ಒಂದು ಸೆಂಟಿಮೀಟರ್ ಉದ್ದದ ರೋಧ 1.7 ಮೈಕ್ರೊಓಮ್. ಎಂದರೆ, ದಪ್ಪವೇ ಇಲ್ಲದ ಈ ಸಂಧಿಯು 28 ಸೆಂಟಿಮೀಟರ್ ತಾಮ್ರಕ್ಕೆ ಸಮ!

ಅಷ್ಟೇ ಕ್ಷೇತ್ರ ದೂರದೂರವಿರುವ 16 ಚುಕ್ಕೆಗಳಾಗಿ ಹಂಚಿಹೋದರೆ ರೋಧ ಕಾಲುಭಾಗಕ್ಕೆ, 12 ಮೈಕ್ರೊಓಮಿಗೆ, ಇಳಿಯುವುದು. ಬಲ ಹೆಚ್ಚಿದಂತೆ ಚುಕ್ಕೆಗಳ ಸಂಖ್ಯೆಯೂ ಹೆಚ್ಚುವುದರಿಂದ, ಅನೇಕ ಚುಕ್ಕೆಗಳುಳ್ಳ ಮೇಲ್ಮೈಗಳಲ್ಲಿ ರೋಧವು ಬಲಕ್ಕೆ ಬಹುಮಟ್ಟಿಗೆ ವಿಲೋಮವಾಗಿ ತಗ್ಗುವುದು. ಲೋಹದ ಮೇಲೆ ಆಕ್ಸೈಡಿನ ಪೊರೆ ಕಟ್ಟಿದ್ದರೆ ಅದರ ರೋಧವೂ ಇದರೊಡನೆ ಸೇರುವುದು.

ಫ್ಯೂಸ್ ಕಾಣದ ಅಪಾಯ

ಒಳ್ಳೆಯ ಸಾಕೆಟ್ಟಿನಲ್ಲಿ ಸಂಪರ್ಕರೋಧ ಒಂದು ಮಿಲಿಓಮ್ ಎಂದಿಟ್ಟುಕೊಳ್ಳೋಣ. 16 ಆಂಪೇರ್ ಪ್ರವಾಹದಿಂದ ಅಲ್ಲಿ ಹುಟ್ಟುವ ಉಷ್ಣ ಕಾಲು ವ್ಯಾಟ್. ಪಟ್ಟಿ ಸಡಿಲಗೊಂಡು ರೋಧ 0.1 ಓಮಿಗೆ ಏರಿದರೆ ಉಷ್ಣ 25 ವ್ಯಾಟಿಗೂ ಮಿಗುವುದು. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ ಸಾಕೆಟ್ಟಿನಲ್ಲಿ ಹುದುಗಿಸಿಟ್ಟಂತಾಯಿತು! ಆದರೂ ಫ್ಯೂಸ್ ಕರಗದು. 230 ವೋಲ್ಟಿನಲ್ಲಿ 16 ಆಂಪೇರ್ ಹರಿಯುವ ಮಂಡಲದ ಒಟ್ಟು ರೋಧ ಸುಮಾರು 14 ಓಮ್, ಅದಕ್ಕೆ 0.1 ಓಮ್ ಸೇರಿದರೆ ಪ್ರವಾಹ ಕೊಂಚ ಕಡಿಮೆಯಾಗುವುದೇ ಹೊರತು ಹೆಚ್ಚದು. ಇತ್ತ ಬಿಸಿಯಿಂದ ಪಟ್ಟಿಯ ಬಿಗಿ ಮತ್ತಷ್ಟು ಕುಂದಿ, ಪೊರೆ ದಪ್ಪವಾಗಿ, ರೋಧ ಏರುತ್ತಲೇ ಹೋಗುವುದು. ಅಮೆರಿಕದಲ್ಲಿ 1965ರಿಂದ 1973ರ ವರೆಗಿನ ಅವಧಿಯಲ್ಲಿ ಅನೇಕ ಮನೆಗಳಿಗೆ ಅಲ್ಯೂಮಿನಿಯಮ್ ತಂತಿ ಎಳೆದರು. ಸಂಧಿಗಳು ಸಡಿಲಗೊಂಡು, ಆಕ್ಸೈಡು ಕಟ್ಟಿ, ಬೆಂಕಿಯ ಅನಾಹುತಗಳಾದುವು. ದೋಷವಿದ್ದುದು ತಂತಿಯ ಉದ್ದಕ್ಕಿಂತ ಅದರ ಸಂಧಿಗಳಲ್ಲಿ.

ಗಣಕಯಂತ್ರಕ್ಕೆ ಹೇಳಬೇಕಾದುದು

ಇಂದು ಇಂತಹ ಭಾಗಗಳನ್ನು ತಯಾರಿಸುವ ಮೊದಲು ಅವುಗಳ ವರ್ತನೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವುದುಂಟು. ಇದಕ್ಕಾಗಿ ರಚಿಸಿದ ತಂತ್ರಾಂಶವು ವಸ್ತುವನ್ನು ಸಾವಿರಾರು ಸಣ್ಣ ಖಂಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಓಮನ ನಿಯಮವನ್ನು ಅನ್ವಯಿಸಿ ವಿಭವವನ್ನು ಲೆಕ್ಕಹಾಕುವುದು. ಎರಡು ಭಾಗಗಳನ್ನು ಗಡಿಯಲ್ಲಿ ಕೂಡಿಸಿ ಸುಮ್ಮನೆ ಬಿಟ್ಟರೆ, ಗಡಿಯ ಎರಡು ಬದಿಗಳಲ್ಲಿಯೂ ವಿಭವ ಒಂದೇ ಎಂದು ಅದು ಹಿಡಿಯುವುದು. ಆಗ ಸಂಪರ್ಕರೋಧ ಸೊನ್ನೆ. ಚಿತ್ರದಲ್ಲಿ ಸಂಧಿ ತಣ್ಣಗಿರುವುದು, ಮನೆಯಲ್ಲಿ ಸುಡುವುದು.

ಆದುದರಿಂದ ಗಡಿಯಲ್ಲಿ ವಿಭವ ಜಿಗಿಯಲು ಎಡೆಗೊಡಬೇಕು. ಪ್ರತಿ ಚದರ ಮೀಟರಿನ ಪ್ರವಾಹವು ಎರಡು ಬದಿಗಳ ವಿಭವಾಂತರವನ್ನು ಗಡಿಯ ರೋಧದಿಂದ ಭಾಗಿಸಿದಷ್ಟು ಎಂದು ವಿಧಿಸಬೇಕು. ಈ ಗಡಿರೋಧದ ಮಾನ ಓಮ್-ಚದರ ಮೀಟರ್. ಸಂಪರ್ಕರೋಧವನ್ನು ತೋರುವ ಕ್ಷೇತ್ರದಿಂದ ಗುಣಿಸಿದರೆ ಅದು ದೊರೆಯುವುದು. ನಮ್ಮ ಒಂದೇ ಚುಕ್ಕೆಯ ಉದಾಹರಣೆಯಲ್ಲಿ ಅದು 4.8 × 10⁻⁹. ಗಡಿಯಲ್ಲಿ ಹುಟ್ಟುವ ಉಷ್ಣವನ್ನು ಎರಡು ಬದಿಗಳಿಗೂ ಹಂಚಬೇಕು. ಈ ಸೌಕರ್ಯವಿಲ್ಲದ ತಂತ್ರಾಂಶದಲ್ಲಿ ನಡುವೆ ಒಂದು ಕಲ್ಪಿತ ಪದರವನ್ನು ಇಡಬಹುದು: 0.1 ಮಿಲಿಮೀಟರ್ ದಪ್ಪ, 4.8 × 10⁻⁵ ಓಮ್-ಮೀಟರ್ ವಿಶಿಷ್ಟ ರೋಧ.

ಒತ್ತಡ ಎಡೆಯಿಂದೆಡೆಗೆ ಬದಲಾದರೆ ಗಡಿರೋಧವೂ ಬದಲಾಗಬೇಕು. ಕೂಪರ್, ಮಿಕಿಚ್, ಯೋವನೊವಿಚ್ ಎಂಬವರು 1969ರಲ್ಲಿ ಉಷ್ಣವಾಹನೆಗಾಗಿ ಪ್ರಕಟಿಸಿದ ಸೂತ್ರದ ರೂಪವನ್ನು ವಿದ್ಯುತ್ತಿಗೂ ಬಳಸುತ್ತಾರೆ. ಅದರಂತೆ ಸಂಪರ್ಕದ ವಾಹಕತೆಯು ಒತ್ತಡದೊಡನೆ ಬಹುಮಟ್ಟಿಗೆ ಸಮಾನುಪಾತದಲ್ಲಿ ಹೆಚ್ಚುವುದು. ಆದರೆ ಆಕ್ಸೈಡಿನ ಪೊರೆಯನ್ನಾಗಲಿ ಕೊಳೆಯನ್ನಾಗಲಿ ಈ ಸೂತ್ರ ಅರಿಯದು. ಅಲ್ಲದೆ ಹೀಗೆ ಗಡಿಯುದ್ದಕ್ಕೂ ಹರಡಿದ ಲೆಕ್ಕ ಸರಾಸರಿ ಉಷ್ಣತೆಯನ್ನು ತೋರಿಸುವುದಲ್ಲದೆ ಚುಕ್ಕೆಯ ಹೆಚ್ಚಿನ ಉಷ್ಣತೆಯನ್ನು ತೋರಿಸದು. ಅಳತೆಯೊಡನೆ ಹೋಲಿಸದ ಲೆಕ್ಕವನ್ನು ನಂಬಲಾಗದು.

ಮಾಡಿ ನೋಡಿ

ಆ ಅಳತೆಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಮಾಡಬಹುದು. ಎರಡು ಹಿತ್ತಾಳೆಯ ಸರಳುಗಳನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ, ಕೂಡುವ ಚಿಹ್ನೆಯ ಆಕಾರದಲ್ಲಿ ಒಂದರ ಮೇಲೊಂದಿಡಿ. ಪ್ರತಿ ಸರಳಿನ ಒಂದು ತುದಿಯನ್ನು, ಸರಣಿಯಲ್ಲಿ ತಕ್ಕ ರೋಧಕವಿಟ್ಟು, ಬ್ಯಾಟರಿಗೆ ಸೇರಿಸಿ ಒಂದು ಆಂಪೇರ್ ಹರಿಸಿ; ಉಳಿದೆರಡು ತುದಿಗಳಿಗೆ ಮಿಲಿವೋಲ್ಟ್ ಮಾಪಕವನ್ನು ಸೇರಿಸಿ. ಮಾಪಕದ ಕಡೆಯ ತುದಿಗಳಲ್ಲಿ ಪ್ರವಾಹ ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ತಂತಿಗಳ ರೋಧ ಲೆಕ್ಕಕ್ಕೆ ಬರದು. ಮಾಪಕ ತೋರುವ ಮಿಲಿವೋಲ್ಟುಗಳೇ ಸಂಪರ್ಕರೋಧದ ಮಿಲಿಓಮುಗಳು. ಮೇಲಿನ ಸರಳಿನ ಮೇಲೆ 100, 200, 400 ಗ್ರಾಮ್ ತೂಕಗಳನ್ನು ಕ್ರಮವಾಗಿ ಇಟ್ಟು ಬರೆದುಕೊಳ್ಳಿ. ಸ್ಪರ್ಶ ಒಂದೇ ಶುದ್ಧ ಚುಕ್ಕೆಯಾಗಿದ್ದರೆ, ಒಟ್ಟು ಬಲ ನಾಲ್ಮಡಿಯಾದಾಗ ರೋಧ ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಕಾರಣವೇನಿರಬಹುದೆಂಬುದನ್ನು ವಾಚಕರೇ ಆಲೋಚಿಸಲಿ.