ಕುಸ್ತಿಯ ಜಗಳ ಠಾಣೆಯ ಮೆಟ್ಟಿಲೇರಿದಾಗ

ಸೋಲಾಪುರ, ಅಕ್ಕಲಕೋಟ ಕಡೆಯ ನಮಗೆ ಕುಸ್ತಿ ಬರೀ ಆಟವಲ್ಲ, ಅಭಿಮಾನದ ವಿಷಯ. 2023ರ ಜನವರಿಯಲ್ಲಿ ಪುಣೆಯ ಕೋಥ್ರೂಡಿನಲ್ಲಿ ನಡೆದ ಮಹಾರಾಷ್ಟ್ರ ಕೇಸರಿಯ ಸೆಮಿಫೈನಲ್‌ನಲ್ಲಿ ಎದುರಾದ ಇಬ್ಬರೂ ನಮ್ಮ ಜಿಲ್ಲೆಯವರೇ: ಮೋಹೋಳದ ಸಿಕಂದರ್ ಶೇಖ್, ಮಂಗಳವೇಢೆ ತಾಲೂಕಿನ ಮಹೇಂದ್ರ ಗಾಯಕವಾಡ. ಒಂದು ಪಟ್ಟಿಗೆ ಮಹೇಂದ್ರಗೆ 4 ಅಂಕ ಸಿಕ್ಕಿತು, ಸಿಕಂದರ್ ಸೋತರು. ಆ 4 ಅಂಕ ಸರಿಯೇ ಎಂಬ ವಾದ ಊರೂರಿನ ತಾಲೀಮುಗಳಲ್ಲಿ ನಡೆಯಿತು. ಅದು ವಾದವಾಗಿಯೇ ಉಳಿಯಲಿಲ್ಲ. ಆ ಕುಸ್ತಿಯ ಪಂಚರಿಗೆ (ತೀರ್ಪುಗಾರರಿಗೆ) ಫೋನಿನಲ್ಲಿ ಬೆದರಿಕೆ ಬಂದು, ದೂರು ಪೊಲೀಸರ ಬಳಿ ಹೋಯಿತು.

ಎರಡು ವರ್ಷದ ನಂತರ, 2025ರ ಫೆಬ್ರವರಿ 2ರಂದು ಅಹಿಲ್ಯಾನಗರದಲ್ಲಿ ನಡೆದ ಮಹಾರಾಷ್ಟ್ರ ಕೇಸರಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಪೃಥ್ವಿರಾಜ್ ಮೋಹೋಳ್ ಎದುರು ಚಿತ್ ಆದರೆಂಬ ತೀರ್ಪು ಬಂದಾಗ ಶಿವರಾಜ್ ರಾಕ್ಷೆ ಪಂಚರ ಕೊರಳಪಟ್ಟಿ ಹಿಡಿದು ಒದ್ದರು. ಅದೇ ದಿನ ಫೈನಲ್‌ನಲ್ಲಿ ನಮ್ಮ ಮಹೇಂದ್ರ, ಅಂಕದ ಬಗ್ಗೆ ಪ್ರತಿಭಟಿಸಿ ಕುಸ್ತಿ ಮುಗಿಯುವ ಮೊದಲೇ ಕಣ ಬಿಟ್ಟು ನಡೆದರು. ಕುಸ್ತಿ ಸಂಘಟನೆ ಇಬ್ಬರಿಗೂ 3 ವರ್ಷ ನಿಷೇಧ ಹೇರಿತು. ಕಣ ಬಿಟ್ಟು ಹೋಗುವುದಕ್ಕೂ ಪಂಚರಿಗೆ ಒದೆಯುವುದಕ್ಕೂ ಸಂಘಟನೆ ಕೊಟ್ಟ ಶಿಕ್ಷೆ ಒಂದೇ ಆಗಿರಬಹುದು. ಆದರೆ ಕಾನೂನಿನ ಕಣ್ಣಿಗೆ ಅವೆರಡೂ ಒಂದೇ ಅಲ್ಲ. ಮೊದಲನೆಯದು ಆಟದ ಶಿಸ್ತಿನ ಪ್ರಶ್ನೆ. ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಮಿನಡಿ ಬರುವ ಅಪರಾಧ. ಬೇಕೆಂದೇ ನೋವುಂಟುಮಾಡಿದ್ದಕ್ಕೆ 1 ವರ್ಷದವರೆಗೆ ಸೆರೆ ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಭಿಮಾನಿಯಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದೊಡ್ಡ ಕುಸ್ತಿಯಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಪಕ್ಕಾ ಇರಲೇಬೇಕು, ಪೈಲ್ವಾನ ಕೇಳಿದರೆ ತೋರಿಸಲೂಬೇಕು. ಹೀಗೆ ಹೇಳುವ ಹಕ್ಕು ನನಗೂ ಇದೆ, ನಿಮಗೂ ಇದೆ. ಅದೇ ಸಂಹಿತೆಯ ಮಾನಹಾನಿಯ ಕಲಮು 356ರಲ್ಲೇ ಇದಕ್ಕೆ ವಿನಾಯಿತಿ ಇದೆ: ಜನರ ಮುಂದೆ ನಡೆದ ಪ್ರದರ್ಶನದ ಗುಣದೋಷದ ಬಗ್ಗೆ ಸದ್ಭಾವನೆಯಿಂದ ಹೇಳಿದ ಮಾತು ಮಾನಹಾನಿಯಲ್ಲ. "ಭುಜ ನೆಲಕ್ಕೆ ತಾಗಿರಲಿಲ್ಲ, ಪಂಚರ ತೀರ್ಪು ತಪ್ಪು" ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯಿರಿ, ತೊಂದರೆ ಇಲ್ಲ. "ಪಂಚ ರೊಕ್ಕ ತಿಂದಾನ" ಎಂದು ಬರೆದರೆ ಅದು ಅಭಿಪ್ರಾಯವಲ್ಲ, ಆರೋಪ. ಅದು ನಿಜ, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದು ಕೋರ್ಟಿನಲ್ಲಿ ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. "ನಾ ಬರೆದಿಲ್ಲ, ಬರೀ ಫಾರ್ವರ್ಡ್ ಮಾಡೀನಿ" ಎಂಬ ಮಾತನ್ನು ನಂಬಿ ಕೂರಬೇಡಿ. ಹರಡಿದವರನ್ನೂ ಕೋರ್ಟಿಗೆ ಎಳೆಯಬಹುದು.

ಬೆದರಿಕೆಗಂತೂ ಯಾವ ವಿನಾಯಿತಿಯೂ ಇಲ್ಲ. ಕೊಲ್ಲುತ್ತೇನೆ, ಕೈಕಾಲು ಮುರಿಯುತ್ತೇನೆ ಎಂದರೆ ಕಲಮು 351ರಡಿ 7 ವರ್ಷದವರೆಗೆ ಸೆರೆಯಾಗಬಹುದು. ಹೆಸರು ಮುಚ್ಚಿಟ್ಟು ಬೆದರಿಸಿದರೆ ಇನ್ನೂ 2 ವರ್ಷದವರೆಗೆ ಸೇರುತ್ತದೆ. ಐದು ಅಥವಾ ಹೆಚ್ಚು ಮಂದಿ ಒಂದೇ ಉದ್ದೇಶದಿಂದ ಪಂಚರ ಮೇಲೆ ನುಗ್ಗಿದರೆ, ಕೈ ಎತ್ತದೆ ಜೊತೆಗೆ ನಿಂತವನೂ ಆರೋಪಿಯಾಗಬಲ್ಲ. ಜಾತ್ರೆಯ ಕುಸ್ತಿಗೆ ಗೆಳೆಯರ ಜೊತೆ ಹೋಗುವ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಹೊಡೆತ ತಿಂದವರು ನೀವಾದರೆ? ಆತ್ಮರಕ್ಷಣೆಯ ಹಕ್ಕು ಇದೆ, ಆದರೆ ಅಪಾಯ ಇರುವಷ್ಟು ಹೊತ್ತು, ಅಗತ್ಯ ಇರುವಷ್ಟು ಮಾತ್ರ. ಎದುರಾಳಿ ಓಡಿಹೋದ ಮೇಲೆ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. 112ಕ್ಕೆ ಫೋನ್ ಮಾಡಿ, ಸರಕಾರಿ ದವಾಖಾನೆಯಲ್ಲಿ ಗಾಯದ ದಾಖಲೆ ಮಾಡಿಸಿ. ಬೆದರಿಕೆಯ ರೆಕಾರ್ಡಿಂಗ್ ಇರುವ ಮೂಲ ಫೋನನ್ನು ಹಾಗೇ ಕಾಪಾಡಿ. ಸಣ್ಣ ಹೊಡೆದಾಟಕ್ಕೆ ಠಾಣೆಯಲ್ಲಿ ಸಾಮಾನ್ಯವಾಗಿ 'ಎನ್‌ಸಿ' (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧದ ದಾಖಲೆ) ಬರೆದುಕೊಂಡು ಕಳಿಸುತ್ತಾರೆ. ಅಲ್ಲಿಗೇ ಮುಗಿಯಿತೆಂದು ಬಹಳ ಜನ ಮನೆಗೆ ಹೋಗುತ್ತಾರೆ. ಮುಗಿದಿಲ್ಲ, ಮ್ಯಾಜಿಸ್ಟ್ರೇಟರ ಆದೇಶ ತಂದರೆ ಪೊಲೀಸರು ತನಿಖೆ ಮಾಡಲೇಬೇಕು.

ಇನ್ನು ಪೈಲ್ವಾನರೇ ಆರೋಪಿಯಾದಾಗ. 2023ರ ನವೆಂಬರ್‌ನಲ್ಲಿ ಮಹಾರಾಷ್ಟ್ರ ಕೇಸರಿ ಗೆದ್ದ ಅದೇ ಸಿಕಂದರ್ ಶೇಖ್ ಅವರನ್ನು 2025ರ ಅಕ್ಟೋಬರ್ ಕೊನೆಗೆ ಪಂಜಾಬ್ ಪೊಲೀಸರು ಅಕ್ರಮ ಶಸ್ತ್ರಾಸ್ತ್ರದ ಆರೋಪದ ಮೇಲೆ ಬಂಧಿಸಿದರು. ನವೆಂಬರ್‌ನಲ್ಲಿ ಜಾಮೀನು ಸಿಕ್ಕಿತು. ಬಂಧನದ ಸುದ್ದಿ ಬಂದ ಗಳಿಗೆಗೇ ಅಪರಾಧಿ ಎಂದವರಿದ್ದಾರೆ, ಜಾಮೀನು ಸಿಕ್ಕ ಗಳಿಗೆಗೇ ನಿರ್ದೋಷಿ ಎಂದವರೂ ಇದ್ದಾರೆ. ಎರಡೂ ತಪ್ಪು. ಜಾಮೀನು ಎಂದರೆ ವಿಚಾರಣೆ ಆಗುವವರೆಗೆ ಹೊರಗಿರಲು ಅನುಮತಿ, ಅಷ್ಟೇ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಕೋರ್ಟಿನಲ್ಲಿ ಸಾಮಾನ್ಯವಾಗಿ ಸಾಕ್ಷ್ಯವಾಗಿ ನಡೆಯುವುದಿಲ್ಲ. ಹಾಗಿರುವಾಗ ಪೊಲೀಸರ ಪತ್ರಿಕಾಗೋಷ್ಠಿಯ ಮಾತು ನಂಬಿ ಒಬ್ಬ ಪೈಲ್ವಾನನ ಬದುಕು ಮುಗಿಸಿಬಿಡುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಬಂಧಿತ ಯಾರೇ ಇರಲಿ, ಕಾರಣ ತಿಳಿಸಬೇಕು, ಮನೆಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಮಗೆ ಮುಖ್ಯವಾದದ್ದು ಇನ್ನೊಂದಿದೆ. 2025ರ ನವೆಂಬರ್ 6ರಂದು, ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ, ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ ಕನ್ನಡ ಮಾತ್ರ ಬಲ್ಲ ಮುದುಕನ ಕೈಗೆ ಮರಾಠಿ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಾಲದು. "ಕನ್ನಡದಾಗ ಬರೆದು ಕೊಡ್ರಿ" ಎಂದು ಕೇಳಿ. ವಕೀಲರನ್ನಿಡಲು ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರನ್ನು ಕೇಳುವ ಹಕ್ಕಿದೆ.

ನಮ್ಮ ಪೈಲ್ವಾನರು, ಅಭಿಮಾನಿಗಳು ಇಂಡಿ, ಆಳಂದ, ಅಫಜಲಪುರದ ಜಾತ್ರೆಗಳಿಗೂ ಹೋಗುತ್ತಾರೆ. ಅಲ್ಲಿ ಗಂಭೀರ ಹಲ್ಲೆಯಾದರೆ "ಅದು ಕರ್ನಾಟಕದ ಹದ್ದು" ಎಂದು ಅಕ್ಕಲಕೋಟ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಲ್ಲೇ ಝೀರೋ ಎಫ್‌ಐಆರ್ ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ದೂರು ತಗೊಳ್ಳದಿದ್ದರೆ ಅಕ್ಕಲಕೋಟದವರು ಸೋಲಾಪುರ ಗ್ರಾಮೀಣ ಎಸ್‌ಪಿಗೆ, ಸೋಲಾಪುರ ನಗರದವರು ಪೊಲೀಸ್ ಆಯುಕ್ತಾಲಯಕ್ಕೆ ಅಂಚೆಯಲ್ಲಿ ಬರೆದು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವಾಗ ಆ ರಸೀದಿಯೇ ಬೇಕಾಗುತ್ತದೆ.