ಆಸ್ಪಿರಿನ್ ಒಗ್ಗದವರು ಹಣ್ಣು ತಿನ್ನಬಹುದೆ?

ಆಸ್ಪಿರಿನ್ ಗುಳಿಗೆಯೂ, ಕೀಲುನೋವಿಗೆ ನಾವು ತಿಕ್ಕುವ ವಿಂಟರ್‌ಗ್ರೀನ್ ತೈಲವೂ ಸ್ಯಾಲಿಸಿಲೇಟ್ ಎಂಬ ಒಂದೇ ರಾಸಾಯನಿಕ ಕುಲಕ್ಕೆ ಸೇರಿದವು. ಹಣ್ಣು, ಸಾಂಬಾರ ಪದಾರ್ಥಗಳಲ್ಲಿಯೂ ಈ ಕುಲದ ವಸ್ತುಗಳು ಅಲ್ಪ ಪ್ರಮಾಣದಲ್ಲಿವೆ.

ಕೆಲವರಿಗೆ ಆಸ್ಪಿರಿನ್ ಸೇವಿಸಿದ ಒಂದೆರಡು ಗಂಟೆಗಳಲ್ಲಿ ಮೂಗು ಕಟ್ಟಿ ಉಬ್ಬಸ ಉಲ್ಬಣಿಸುವುದು. ಕಾರಣವೇನು? ದೇಹದಲ್ಲಿ ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ಆಸ್ಪಿರಿನ್ ತಡೆಯುವುದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಆ ತಡೆಯುಂಟಾದಾಗ ಇಂತಹವರಲ್ಲಿ ಶ್ವಾಸನಾಳಗಳನ್ನು ಕುಗ್ಗಿಸುವ ಲ್ಯೂಕೋಟ್ರಯೀನ್‌ಗಳು ಮಿತಿಮೀರುತ್ತವೆ. ಐಬುಪ್ರೊಫೆನ್ ಸಹ ಇದೇ ತೊಂದರೆಯನ್ನು ತರಬಲ್ಲದು. ಇದು ಸಾಮಾನ್ಯ ಅಲರ್ಜಿಯಲ್ಲವಾದುದರಿಂದ ಚರ್ಮಪರೀಕ್ಷೆಯಲ್ಲಿ ತಿಳಿಯದು.

ಆಸ್ಪಿರಿನ್ನಿನ ಈ ಪ್ರಬಲ ಶಕ್ತಿ ಅದರ ಅಸಿಟೈಲ್ ಗುಂಪಿನದು. ಹಣ್ಣಿನ ಸ್ಯಾಲಿಸಿಲೇಟುಗಳಲ್ಲಿ ಅದಿಲ್ಲ. ಆದುದರಿಂದ ಗುಳಿಗೆ ಒಗ್ಗದವರೆಲ್ಲರೂ ಹಣ್ಣನ್ನು ತ್ಯಜಿಸಬೇಕಾಗಿಲ್ಲ. ಆಹಾರವೂ ಒಗ್ಗದೆಂಬ ಸಂದೇಹವಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ನಾವಾಗಿಯೇ ಪಥ್ಯ ಹಿಡಿದು ಪೌಷ್ಟಿಕಾಂಶಗಳನ್ನು ಕಳೆದುಕೊಳ್ಳುವುದು ವಿವೇಕವಲ್ಲ.